ಮನೆಯ ಓದು: ಮೂರು ಕಾದಂಬರಿ, ನೂರು ವರುಷ



ಮಡಕಶಿರ, ರಾಯದುರ್ಗದ ಕಡೆ ಮನೆಮಾತು ಕನ್ನಡವಾದ ಎಷ್ಟೋ ಮಕ್ಕಳು ಶಾಲೆಯಲ್ಲಿ ಕಲಿಯುವುದು ತೆಲುಗಿನಲ್ಲಿ, ಇಲ್ಲವೇ ಇಂಗ್ಲಿಷಿನಲ್ಲಿ. ಬ್ರಿಟಿಷರ ಆಳ್ವಿಕೆಯೆಂದರೆ ಅವರಿಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ಇಸವಿಗಳು ಮಾತ್ರ. ಆದರೆ 1800ರಲ್ಲಿ ಹೈದರಾಬಾದಿನ ನಿಜಾಮರು ಕಂಪನಿಗೆ ಬಿಟ್ಟುಕೊಟ್ಟದ್ದು ಈ ಬಳ್ಳಾರಿ-ಅನಂತಪುರ ಸೀಮೆಯನ್ನೇ. ಥಾಮಸ್ ಮನ್ರೋ ಹೊಲಗಳನ್ನು ಅಳೆಸಿ ರೈತರ ಮೇಲೆ ನೇರವಾಗಿ ಕಂದಾಯ ಕಟ್ಟಿದ್ದೂ ಇಲ್ಲಿಯೇ. 'ದತ್ತ ಮಂಡಲ' ಎನಿಸಿದ್ದ ಈ ನೆಲ 1928ರಲ್ಲಿ ರಾಯಲಸೀಮೆ ಎಂಬ ಹೆಸರು ಪಡೆಯಿತು.

ಅಂದಿನ ಜನ ಹೇಗೆ ಬದುಕಿದರು, ಏಕೆ ಸೋತರು ಎಂಬುದನ್ನು ತಿಳಿಯಲು ಮೂರು ಕಾದಂಬರಿಗಳನ್ನು ಸಾಲಾಗಿ ಓದಿ ನೋಡಿ.

ಮೊದಲನೆಯದು ಮಾಸ್ತಿಯವರ 'ಚಿಕವೀರ ರಾಜೇಂದ್ರ' (1956). 1834ರಲ್ಲಿ ಕೊಡಗು ಕಂಪನಿಯ ಪಾಲಾದ ಕಥೆ. ಮಾಸ್ತಿಯವರು ದೊರೆಯ ಕ್ರೌರ್ಯವನ್ನು ಮುಚ್ಚಿಡುವುದಿಲ್ಲ, ಕಂಪನಿಯ ದುರಾಸೆಯನ್ನೂ ಕ್ಷಮಿಸುವುದಿಲ್ಲ. ಮನೆಯವರೇ ಬೇಸತ್ತಾಗ ಹೊರಗಿನವನು ಬಾಗಿಲು ಒಡೆಯಬೇಕಾಗಿಲ್ಲ. ರಾಜ್ಯ ಕಳೆದುಕೊಂಡ ದೊರೆ ಮಗಳು ಗೌರಮ್ಮನನ್ನು ಲಂಡನ್ನಿಗೆ ಕರೆದೊಯ್ದ. 1852ರಲ್ಲಿ ಅಲ್ಲಿ ಆಕೆಗೆ ದೀಕ್ಷಾಸ್ನಾನವಾಯಿತು. ಜ್ಞಾನತಾಯಿಯಾಗಿ ನಿಂತವರು ವಿಕ್ಟೋರಿಯಾ ರಾಣಿ! ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಹಣವನ್ನು ಬಿಡಿಸಿಕೊಳ್ಳುವ ಆಸೆಯೂ ತಂದೆಗಿತ್ತು. ಆ ಎಳೆಯ ಹುಡುಗಿಯ ಮನಸ್ಸನ್ನು ಯಾರಾದರೂ ಕೇಳಿದರೇ? ಮಕ್ಕಳು ಈ ಪ್ರಶ್ನೆ ಎತ್ತಿದರೆ ಗದರಬೇಡಿ. ನಮ್ಮಂಥ ಕುಟುಂಬಗಳು ಕೂತು ಮಾತಾಡಬೇಕಾದ ಪ್ರಶ್ನೆಯೇ ಅದು.

ಎರಡನೆಯದು ನಿರಂಜನರ 'ಸ್ವಾಮಿ ಅಪರಂಪಾರ'. ರಾಜ್ಯ ಹೋದ ಮೇಲೆ ಕೊಡಗಿನಲ್ಲಿ ಹೊಗೆಯಾಡಿದ ಬಂಡಾಯದ ಕಥೆ. ಆ ಕಿಚ್ಚು 1837ರಲ್ಲಿ ಸುಳ್ಯದಿಂದ ಮಂಗಳೂರಿನವರೆಗೂ ಹಬ್ಬಿತು.

ಮೂರನೆಯದು ಅವರದೇ 'ಚಿರಸ್ಮರಣೆ' (1955). ಈಗ ಕಾಸರಗೋಡು ಜಿಲ್ಲೆಗೆ ಸೇರಿದ ಕಯ್ಯೂರಿನ ರೈತರ ಹೋರಾಟ ಇದರ ವಸ್ತು. ಅಲ್ಲಿನ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ದೊರೆಯಿಂದ ಆರಂಭವಾದ ನಮ್ಮ ಓದು ಗೇಣಿ ರೈತನ ಗುಡಿಸಲಲ್ಲಿ ಮುಗಿಯುತ್ತದೆ.

ರಾತ್ರಿ ಊಟವಾದ ಮೇಲೆ ದಿನಕ್ಕೆ ಹತ್ತು ಪುಟ ಸಾಕು. ಅಜ್ಜ ಅಜ್ಜಿಯರು ಗಟ್ಟಿಯಾಗಿ ಓದಲಿ, ಮಕ್ಕಳು ಕೇಳಲಿ. ಕೊನೆಯ ಒಂದು ಪ್ಯಾರಾವನ್ನು ತಡವರಿಸಿಕೊಂಡಾದರೂ ಮಕ್ಕಳೇ ಓದಲಿ. ಶಾಲೆಯಲ್ಲಿ ಸಿಗದ ಅಕ್ಷರ ಮನೆಯಲ್ಲೂ ಸಿಗದಿದ್ದರೆ, ಮುಂದೆ ಈ ಕಥೆಗಳು ಅವರ ಕಪಾಟಿನಲ್ಲಿದ್ದರೂ ಅವರ ಪಾಲಿಗೆ ಇರುವುದಿಲ್ಲ.