ಉಪಾಯ ಬಳಸುವವರದು, ಹೆಸರು ಕಂಪನಿಯದು

2005ರ ಅಕ್ಟೋಬರ್‌ನಲ್ಲಿ ಕೆನ್ಯಾದಲ್ಲಿ ಒಂದು ಸಣ್ಣ ಪ್ರಯೋಗ ಶುರುವಾಯಿತು. ಬ್ರಿಟನ್ನಿನ ವೊಡಾಫೋನ್ ಮತ್ತು ಕೆನ್ಯಾದ ಸಫಾರಿಕಾಮ್ ಕಂಪನಿಗಳು ಫೌಲು ಎಂಬ ಕಿರುಸಾಲ ಸಂಸ್ಥೆಯ ಜೊತೆ ಸೇರಿ, ಸಾಲದ ಕಂತನ್ನು ಮೊಬೈಲ್‌ನಲ್ಲೇ ಕಟ್ಟುವ ಏರ್ಪಾಡೊಂದನ್ನು ನೈರೋಬಿ ಮತ್ತು ಥಿಕಾದಲ್ಲಿ ಪರೀಕ್ಷೆಗೆ ಇಟ್ಟವು. ನಮ್ಮ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ಹಾಗೆ ಅಲ್ಲಿನ ಸಾಲಗಾರರೂ ಗುಂಪಿನ ಸಭೆಗೆ ಬಂದು ಕಂತು ಕಟ್ಟುತ್ತಿದ್ದರು. ಆ ಓಡಾಟ ತಪ್ಪಿಸುವುದು, ನಗದು ಹೊತ್ತು ತಿರುಗುವ ಭಯ ಇಲ್ಲವಾಗಿಸುವುದು ಯೋಜನೆಯ ಉದ್ದೇಶ. ಬ್ರಿಟನ್ ಸರ್ಕಾರದ ನೆರವಿನ ನಿಧಿಯಿಂದಲೂ ಹಣ ಬಂದಿತ್ತು. ಪ್ರಯೋಗಕ್ಕೆ ಸೇರಿದವರು ಐನೂರಕ್ಕಿಂತ ಕಡಿಮೆ. ಹಣ ಕಟ್ಟಲು, ಬಿಡಿಸಿಕೊಳ್ಳಲು ಇದ್ದದ್ದು ಎಂಟು ಅಂಗಡಿಗಳು.

ಕೆಲವೇ ತಿಂಗಳಲ್ಲಿ ಜನ ಅದನ್ನು ಬೇರೆಯದೇ ಕೆಲಸಗಳಿಗೆ ಹಚ್ಚಿದರು. ಒಬ್ಬರ ಕಂತನ್ನು ಇನ್ನೊಬ್ಬರು ಕಟ್ಟಿ ಬದಲಿಗೆ ಏನಾದರೂ ಕೆಲಸ ಮಾಡಿಸಿಕೊಂಡರು. ವ್ಯಾಪಾರಿಗಳು ತಮ್ಮತಮ್ಮಲ್ಲೇ ಲೆಕ್ಕ ಚುಕ್ತಾ ಮಾಡಿಕೊಂಡರು. ಬ್ಯಾಂಕಿನ ಬಾಗಿಲು ಬೇಗ ಮುಚ್ಚುತ್ತಿತ್ತು, ಈ ಅಂಗಡಿಗಳು ತಡವಾಗಿ ಮುಚ್ಚುತ್ತಿದ್ದವು. ಹಾಗಾಗಿ ಕೆಲವರು ದಿನದ ವಸೂಲಿಯನ್ನು ರಾತ್ರಿ ಮಟ್ಟಿಗೆ ಇಲ್ಲಿ ಕಟ್ಟಿಟ್ಟರು. ಒಂದೂರಿಂದ ಇನ್ನೊಂದೂರಿಗೆ ಹೊರಟವರು ಈ ತುದಿಯಲ್ಲಿ ಹಣ ಕಟ್ಟಿ ಆ ತುದಿಯಲ್ಲಿ ಬಿಡಿಸಿಕೊಂಡರು, ಜೇಬು ಖಾಲಿಯಾಗಿದ್ದರೆ ದಾರಿಯಲ್ಲಿ ಕಳ್ಳರ ಭಯವಿಲ್ಲ. ಹಳ್ಳಿಯಲ್ಲಿದ್ದ ನೆಂಟರ ಫೋನಿಗೆ ಇದರಿಂದಲೇ ಕರೆನ್ಸಿ ಹಾಕಿಸಿದವರೂ ಇದ್ದರು. ಸಾಲ ವಸೂಲಿಯ ಕಣ್ಣಿನಿಂದ ನೋಡಿದರೆ ಇವೆಲ್ಲ ಲೆಕ್ಕಕ್ಕೆ ಹೊಂದದ ನಮೂದುಗಳು. ಇಂಥದ್ದನ್ನು ತಡೆಯಲು ಹೊಸ ನಿಯಮ ತರುವ ಸಂಸ್ಥೆಗಳೇ ಹೆಚ್ಚು.

ಯೋಜನೆಯ ಹೊಣೆ ಹೊತ್ತಿದ್ದ ನಿಕ್ ಹ್ಯೂಸ್ ಮತ್ತು ಸೂಸಿ ಲೋನಿ ಹಾಗೆ ಮಾಡಲಿಲ್ಲ. ಜನ ಏನು ಮಾಡುತ್ತಿದ್ದಾರೆಂದು ಗಮನಿಸಿ ಬರೆದಿಟ್ಟುಕೊಂಡರು. ಸಾಲದ ಕಂತನ್ನು ಬದಿಗಿಟ್ಟು, ಒಬ್ಬರಿಂದ ಇನ್ನೊಬ್ಬರಿಗೆ ಹಣ ಕಳಿಸುವುದನ್ನೇ ಮುಖ್ಯ ಸೇವೆಯಾಗಿಸಿ 2007ರ ಮಾರ್ಚ್‌ನಲ್ಲಿ ಆ ಏರ್ಪಾಡನ್ನು ಎಂ-ಪೆಸಾ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದರು. ಪಟ್ಟಣದಲ್ಲಿ ದುಡಿಯುವವರು ಊರಿನ ಮನೆಗೆ ಹಣ ಕಳಿಸಬಹುದು ಎಂಬ ಒಂದೇ ಮಾತು ಅದರ ಜಾಹೀರಾತು. ಮೊದಲ ವರ್ಷದಲ್ಲೇ ಬಳಸುವವರ ಸಂಖ್ಯೆ ಹತ್ತು ಲಕ್ಷ ದಾಟಿತು. ಮೊಬೈಲ್ ಹಣದ ಚರಿತ್ರೆ ಬರೆಯುವವರೆಲ್ಲ ಸಫಾರಿಕಾಮ್ ಹೆಸರು ಬರೆಯುತ್ತಾರೆ. ಇಲ್ಲಿ ಕಟ್ಟಿ ಅಲ್ಲಿ ಬಿಡಿಸಿಕೊಳ್ಳುವ ದಾರಿಯನ್ನು ಕಂಡುಕೊಂಡ ಥಿಕಾದ ಪ್ರಯಾಣಿಕರ ಹೆಸರು ಎಲ್ಲೂ ಇಲ್ಲ.

ತಂತ್ರಜ್ಞಾನ ಕಂಪನಿಗಳು ಗಿರಾಕಿಗಳಿಂದ ಕಲಿಯುತ್ತವೆ ಎಂದಾಗ ನಾವು ಸಾಮಾನ್ಯವಾಗಿ ಊಹಿಸುವುದು ಪ್ರಶ್ನಾವಳಿಯನ್ನು, ಐದು ನಕ್ಷತ್ರದ ರೇಟಿಂಗನ್ನು. ಅವುಗಳಿಂದ ಹುಟ್ಟಿದ ದೊಡ್ಡ ಆವಿಷ್ಕಾರ ಬಲು ವಿರಳ. ‘ನಿಮಗೇನು ಬೇಕು’ ಎಂದು ಕೇಳಿದ್ದರೆ ಕೆನ್ಯಾದ ಆ ಸಾಲಗಾರರು ಬಹುಶಃ ಬಡ್ಡಿ ಕಡಿಮೆ ಮಾಡಿ ಎನ್ನುತ್ತಿದ್ದರು. ಅವರ ನಿಜವಾದ ಉತ್ತರ ಇದ್ದದ್ದು ಕೈಗೆ ಸಿಕ್ಕ ವಸ್ತುವನ್ನು ತಮ್ಮ ಅಗತ್ಯಕ್ಕೆ ಬಗ್ಗಿಸಿಕೊಂಡ ರೀತಿಯಲ್ಲಿ. ಅಮೆರಿಕದ ಎಂಐಟಿಯ ಎರಿಕ್ ವಾನ್ ಹಿಪೆಲ್ ಈ ವಿಷಯವನ್ನು ದಶಕಗಳಿಂದ ಅಧ್ಯಯನ ಮಾಡಿದವರು. 1976ರಲ್ಲಿ ಅವರು ವೈಜ್ಞಾನಿಕ ಉಪಕರಣಗಳಲ್ಲಿ ಆದ 111 ಸುಧಾರಣೆಗಳ ಮೂಲ ಹುಡುಕಿದರು. ಬಳಸುವವರಿಗೆ ನಿಜಕ್ಕೂ ಉಪಯೋಗವಾದ ಸುಧಾರಣೆಗಳಲ್ಲಿ ಶೇ 80ರಷ್ಟನ್ನು ಮೊದಲು ಯೋಚಿಸಿ, ಮಾಡಿ ನೋಡಿದವರು ಆ ಉಪಕರಣ ಬಳಸುತ್ತಿದ್ದ ವಿಜ್ಞಾನಿಗಳೇ. ತಯಾರಕರು ಆಮೇಲೆ ಬಂದವರು. ಟ್ವಿಟರ್‌ನ ಹ್ಯಾಷ್‌ಟ್ಯಾಗ್‌ ಕೂಡ ಬಂದದ್ದು ಈ ದಾರಿಯಲ್ಲೇ. 2007ರಲ್ಲಿ ಕ್ರಿಸ್ ಮೆಸೀನಾ ಎಂಬ ಬಳಕೆದಾರ ಅದನ್ನು ಸೂಚಿಸಿದಾಗ ಕಂಪನಿ ಕಿವಿಗೊಡಲಿಲ್ಲ. ಜನ ತಾವಾಗಿ ಬಳಸುತ್ತಾ ಹೋದರು. ಎರಡು ವರ್ಷದ ನಂತರ ಕಂಪನಿ ಅದನ್ನು ತನ್ನದಾಗಿಸಿಕೊಂಡಿತು.

ನಮ್ಮಲ್ಲಿ ಇದಕ್ಕೆ ಮಿಸ್ಡ್ ಕಾಲ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ‘ಊರು ಮುಟ್ಟಿದ ಮೇಲೆ ಒಂದು ಮಿಸ್ಡ್ ಕಾಲ್ ಕೊಡು’ ಎಂದು ಬಸ್ ಸ್ಟ್ಯಾಂಡಿನಲ್ಲಿ ಹೇಳಿ ಕಳಿಸದ ತಂದೆತಾಯಿ ಯಾರಿದ್ದರು? ಒಂದು ರಿಂಗ್ ಆದರೆ ಕ್ಷೇಮವಾಗಿ ಮುಟ್ಟಿದೆ ಎಂದು, ಎರಡಾದರೆ ನೀನೇ ಫೋನ್ ಮಾಡು ಎಂದು. ಮನೆಮನೆಗೂ ಅದರದೇ ಸಂಕೇತಗಳಿದ್ದವು. ಟೆಲಿಕಾಂ ಕಂಪನಿಯ ಲೆಕ್ಕದಲ್ಲಿ ಅದು ಕಾಸು ಹುಟ್ಟದ ಕರೆ. ಜನರ ಲೆಕ್ಕದಲ್ಲಿ ಖರ್ಚಿಲ್ಲದ ತಂತಿ. ಬೆಂಗಳೂರಿನಲ್ಲಿ ಹುಟ್ಟಿದ ಜಿಪ್‌ಡಯಲ್ ಎಂಬ ಕಂಪನಿ ಇದೇ ಅಭ್ಯಾಸವನ್ನು ವ್ಯವಹಾರವಾಗಿಸಿತು. ಜಾಹೀರಾತಿನಲ್ಲಿ ಕಂಡ ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರೆ ಕಂಪನಿಯ ಕಡೆಯಿಂದ ಸಂದೇಶವೋ ಕರೆಯೋ ಬರುತ್ತಿತ್ತು. 2015ರ ಜನವರಿಯಲ್ಲಿ ಟ್ವಿಟರ್ ಆ ಕಂಪನಿಯನ್ನೇ ಕೊಂಡಿತು.

ಈಗ ಮಾರುಕಟ್ಟೆಗೆ ಬನ್ನಿ. ಯುಪಿಐ 2016ರಲ್ಲಿ ಬಂದಾಗ ಅದರ ತಾಂತ್ರಿಕ ಕೆಲಸ ಅಚ್ಚುಕಟ್ಟಾಗಿತ್ತು: ಸ್ಕ್ಯಾನ್ ಮಾಡಿದ ಕ್ಷಣದಲ್ಲಿ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹೋಗುತ್ತಿತ್ತು. ಹೋಗಿದೆ ಎಂದು ಅಂಗಡಿಯವರಿಗೆ ಗೊತ್ತಾಗುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಸರಿಯಾಗಿ ಯೋಚಿಸಿರಲಿಲ್ಲ. ಎಳನೀರು ಕೊಚ್ಚುವವನ ಕೈಯಲ್ಲಿ ಮಚ್ಚು, ಹೂ ಕಟ್ಟುವವಳ ಎರಡೂ ಕೈಯಲ್ಲಿ ದಾರ, ಬಜ್ಜಿ ಕರಿಯುವವರ ಬೆರಳಲ್ಲೆಲ್ಲ ಹಿಟ್ಟು. ಫೋನ್ ತೆಗೆದು ಸಂದೇಶ ನೋಡಲು ಪುರುಸೊತ್ತಿಲ್ಲ. ಗಿರಾಕಿ ತನ್ನ ಫೋನ್ ತೋರಿಸಿ ‘ಹೋಗಿದೆ ನೋಡಿ’ ಎನ್ನುತ್ತಾನೆ. ಅದು ಇವತ್ತಿನದೋ, ನಿನ್ನೆಯ ಸ್ಕ್ರೀನ್‌ಶಾಟೋ? ‘ಬಂದಿಲ್ಲ ಸಾರ್’ ಎಂದರೆ ಜಗಳ, ಸುಮ್ಮನಿದ್ದರೆ ನಷ್ಟ. ಮನೆಯಲ್ಲಿರುವ ಮಗನ ಫೋನಿಗೆ ಸಂದೇಶ ಹೋಗುವಂತಿದ್ದರೆ ಅವನಿಗೆ ಕರೆ ಮಾಡಿ ‘ಬಂತೇನೋ?’ ಎಂದು ಕೇಳುವವರಿದ್ದರು.

2019ರಲ್ಲಿ ಪೇಟಿಎಂ ಸೌಂಡ್‌ಬಾಕ್ಸ್ ತಂದದ್ದು ಈ ಸಂಕಟಕ್ಕೆ ಉತ್ತರವಾಗಿ. ಇಷ್ಟು ರೂಪಾಯಿ ಬಂತು ಎಂದು ಗಟ್ಟಿಯಾಗಿ ಕೂಗುವ ಪುಟ್ಟ ಡಬ್ಬ. ಬೆಂಗಳೂರಿನದೇ ಆದ ಫೋನ್‌ಪೇ ಸೇರಿ ಉಳಿದವರೂ ಹಿಂಬಾಲಿಸಿದರು. ಅದು ಕನ್ನಡದಲ್ಲೂ ಮಾತಾಡತೊಡಗಿದ ಮೇಲೆ ಗಲ್ಲಾಪೆಟ್ಟಿಗೆಯ ಪಕ್ಕ ಅದರ ಜಾಗ ಕಾಯಂ ಆಯಿತು. ಅಂಗಡಿಯವರು ತಿಂಗಳ ಬಾಡಿಗೆಯನ್ನೂ ಕೊಡಲು ಒಪ್ಪಿದರು. ಉಚಿತವಾಗಿ ಸಿಕ್ಕ ಕ್ಯೂಆರ್ ಕೋಡ್‌ಗಿಂತ ಈ ದನಿಗೆ ಅವರು ಹೆಚ್ಚು ಬೆಲೆ ಕಟ್ಟಿದರು ಎಂಬುದನ್ನು ಗಮನಿಸಬೇಕು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳುವುದಿದೆ. ಪಾವತಿ ಕಂಪನಿಯ ಕಂಪ್ಯೂಟರಿನಲ್ಲಿ ಆ ವ್ಯವಹಾರಗಳೆಲ್ಲ ‘ಯಶಸ್ವಿ’ ಎಂದೇ ದಾಖಲಾಗಿರುತ್ತಿದ್ದವು. ಅಂಗಡಿಯ ಮುಂದಿನ ಜಗಳ, ಮಗನಿಗೆ ಮಾಡಿದ ಫೋನ್, ಮೋಸಹೋದ ನಲವತ್ತು ರೂಪಾಯಿ ಯಾವುದೂ ಅದರಲ್ಲಿಲ್ಲ. ಸುಳ್ಳು ಸ್ಕ್ರೀನ್‌ಶಾಟ್ ತೋರಿಸಿ ಹೋದವನು ಅದರ ಪಾಲಿಗೆ ಬಂದೇ ಇಲ್ಲ. ಕೋಟ್ಯಂತರ ವ್ಯವಹಾರಗಳ ದತ್ತಾಂಶ ಕೈಯಲ್ಲಿದ್ದರೂ ತಿಳಿಯದ ವಿಷಯ, ಅಂಗಡಿ ಮುಂದೆ ಅರ್ಧ ದಿನ ನಿಂತವರಿಗೆ ತಿಳಿಯುತ್ತದೆ.

ಗೂಗಲ್ ನಕ್ಷೆಯೂ ಭಾರತದಲ್ಲಿ ಈ ಪಾಠ ಕಲಿತದ್ದು ಹೀಗೆಯೇ. ಮೊದಮೊದಲು ಅದು ದಾರಿ ಹೇಳುತ್ತಿದ್ದದ್ದು ರಸ್ತೆಯ ಹೆಸರು ಹಿಡಿದು. ನಮ್ಮಲ್ಲಿ ಯಾರು ಹಾಗೆ ದಾರಿ ಹೇಳುತ್ತಾರೆ? ಗಣಪತಿ ಗುಡಿ ದಾಟಿದ ಮೇಲೆ ಪೆಟ್ರೋಲ್ ಬಂಕ್, ಅದರ ಎದುರಿನ ಸಂದಿ ಎನ್ನುತ್ತೇವೆ. ಗೂಗಲ್‌ನ ಸಂಶೋಧಕರು ಅಂಗಡಿಗಳಿಗೆ ಫೋನ್ ಮಾಡಿ ‘ನಿಮ್ಮಲ್ಲಿಗೆ ಬರುವುದು ಹೇಗೆ’ ಎಂದು ಕೇಳಿದರು, ಜನರ ಕೈಯಲ್ಲಿ ದಾರಿಯ ಚಿತ್ರ ಬರೆಸಿದರು, ದಾರಿ ಹುಡುಕುವವರ ಹಿಂದೆಯೇ ನಡೆದರು. 2009ರ ಡಿಸೆಂಬರ್‌ನಲ್ಲಿ ಗುರುತಿನ ಜಾಗಗಳನ್ನು ಹಿಡಿದು ದಾರಿ ಹೇಳುವ ನಕ್ಷೆ ಭಾರತಕ್ಕೆ ಬಂತು. ದಾರಿ ಕೇಳಿ ಹೇಳುವ ನಮ್ಮ ಹಳೆಯ ರೂಢಿ ಸಾಫ್ಟ್‌ವೇರ್ ಆದದ್ದು ಹೀಗೆ.

ಈಗ ಕಂಪನಿಗಳು ಈ ದಾರಿಯಿಂದ ದೂರ ಸರಿಯುತ್ತಿವೆ ಎಂಬುದು ನನ್ನ ಆತಂಕ. ಹಿಂದೆ ನಡೆಯುವ, ಪಕ್ಕ ನಿಲ್ಲುವ ಕೆಲಸಕ್ಕೆ ಸಮಯ ಬೇಕು, ಮನುಷ್ಯರು ಬೇಕು. ಎಣಿಸುವುದು ಸುಲಭ. ಅರ್ಧ ಜನರಿಗೆ ಒಂದು ಬಣ್ಣದ ಗುಂಡಿ, ಇನ್ನರ್ಧ ಜನರಿಗೆ ಇನ್ನೊಂದು ಬಣ್ಣದ್ದು ತೋರಿಸಿ, ಯಾವುದನ್ನು ಹೆಚ್ಚು ಜನ ಒತ್ತಿದರೋ ಅದನ್ನೇ ಉಳಿಸುವುದು. ಈ ವಿಧಾನ ಕೆಟ್ಟದ್ದಲ್ಲ, ಸಣ್ಣ ತಿದ್ದುಪಡಿಗಳಿಗೆ ಅದು ಸಾಕು. ಅದನ್ನೇ ಜನರ ಮನಸ್ಸು ಎಂದುಕೊಂಡಾಗ ಅನಾಹುತ ಶುರುವಾಗುತ್ತದೆ.

ಫೇಸ್‌ಬುಕ್‌ನ ಕಥೆ ಇದಕ್ಕೆ ಸಾಕ್ಷಿ. 2006ರ ಸೆಪ್ಟೆಂಬರ್‌ನಲ್ಲಿ ನ್ಯೂಸ್ ಫೀಡ್ ಬಂದಾಗ ಅದನ್ನು ವಿರೋಧಿಸುವ ಗುಂಪಿಗೆ ಕೆಲವೇ ದಿನಗಳಲ್ಲಿ ಏಳು ಲಕ್ಷ ಜನ ಸೇರಿದರು. ಕಂಪನಿ ಕ್ಷಮೆ ಕೇಳಿತು, ಖಾಸಗಿತನದ ಒಂದೆರಡು ಸೌಲಭ್ಯ ಕೊಟ್ಟಿತು, ಫೀಡ್ ಅನ್ನು ಹಾಗೇ ಉಳಿಸಿತು. ಬೈಯುತ್ತಲೇ ಜನ ಅದನ್ನು ಇನ್ನೂ ಹೆಚ್ಚು ನೋಡುತ್ತಿದ್ದರು. ಬಾಯಿಮಾತನ್ನು ಬಿಟ್ಟು ಬೆರಳನ್ನು ನಂಬಬೇಕು ಎಂಬ ಪಾಠವನ್ನು ಆ ಕಂಪನಿಯಷ್ಟೇ ಅಲ್ಲ, ಇಡೀ ಉದ್ಯಮ ಕಲಿತುಕೊಂಡಿತು. 2012ರ ಜನವರಿಯಲ್ಲಿ ಒಂದು ವಾರ 6,89,003 ಜನರ ಫೀಡಿನಲ್ಲಿ ಸಂತೋಷದ ಅಥವಾ ದುಃಖದ ಬರಹಗಳನ್ನು ಕಡಿಮೆ ಮಾಡಿ, ಅವರ ಮನಸ್ಥಿತಿ ಬದಲಾಗುವುದೇ ಎಂದು ಫೇಸ್‌ಬುಕ್ ಪರೀಕ್ಷಿಸಿತು. ತಾವು ಪ್ರಯೋಗದ ವಸ್ತುವಾಗಿದ್ದೆವೆಂದು ಆ ಜನರಿಗೆ ಯಾರೂ ಹೇಳಿರಲಿಲ್ಲ. ಲೋಕಕ್ಕೆ ಗೊತ್ತಾದದ್ದು 2014ರಲ್ಲಿ, ಸಂಶೋಧನಾ ಪ್ರಬಂಧ ಪ್ರಕಟವಾದಾಗ.

2017ರಲ್ಲಿ ಇನ್ನೂ ಒಂದು ಹೆಜ್ಜೆ. ಒಂದು ಬರಹವನ್ನು ಎಷ್ಟು ಜನರಿಗೆ ತೋರಿಸಬೇಕೆಂದು ನಿರ್ಧರಿಸುವಾಗ, ಕೋಪದ ಮುಖ ಸೇರಿದಂತೆ ಭಾವಚಿಹ್ನೆಗಳಿಗೆ ‘ಲೈಕ್’ನ ಐದು ಪಟ್ಟು ತೂಕ ಕೊಡಲಾಯಿತು. ಚಿಹ್ನೆ ಒತ್ತುವಷ್ಟು ಮನಸ್ಸು ತಟ್ಟಿದೆ ಎಂದರೆ ಜನರಿಗೆ ಅದು ಬೇಕು ಎಂಬ ತರ್ಕ. ಕೋಪ ಬರಿಸುವ ಬರಹಗಳಲ್ಲಿ ಸುಳ್ಳು ಮತ್ತು ವಿಷ ಹೆಚ್ಚೆಂದು ಕಂಪನಿಯ ಒಳಗಿನವರೇ ಕಂಡುಕೊಂಡರು. ಕೋಪದ ಮುಖದ ತೂಕ ಸೊನ್ನೆಗೆ ಇಳಿಯುವಷ್ಟರಲ್ಲಿ 2020 ಬಂದಿತ್ತು. ಇದೆಲ್ಲ 2021ರಲ್ಲಿ ಹೊರಬಿದ್ದ ಕಂಪನಿಯ ಆಂತರಿಕ ದಾಖಲೆಗಳಲ್ಲಿ ಇದೆ. ಒಬ್ಬ ಮನುಷ್ಯ ಸಿಟ್ಟಿನಿಂದ ಬೆರಳಿಟ್ಟದ್ದನ್ನು ‘ಇನ್ನಷ್ಟು ಕೊಡು’ ಎಂದು ಓದಿಕೊಂಡ ಯಂತ್ರ ಅದು. ಎದುರು ಕೂತು ಎರಡು ಮಾತಾಡಿದ್ದರೆ ಯಾರಿಗೂ ಆಗದ ತಪ್ಪು.

ಕಲಿಯುವುದರ ಜೊತೆಗೇ ಕೊಡುವ ಪ್ರಶ್ನೆಯೂ ಇದೆ. ಗೂಗಲ್ ನಕ್ಷೆಗೆ ರಸ್ತೆ, ಕೆರೆ, ಊರುಗಳನ್ನು ಜನರೇ ಸೇರಿಸುವ ‘ಮ್ಯಾಪ್ ಮೇಕರ್’ ರೂಪುಗೊಂಡದ್ದು ಬೆಂಗಳೂರಿನ ಎಂಜಿನಿಯರುಗಳ ಕೈಯಲ್ಲಿ, 2008ರಲ್ಲಿ. ತಮ್ಮೂರಿನ ಹೆಸರು ನಕ್ಷೆಯಲ್ಲಿ ಕಾಣಲಿ ಎಂಬ ಆಸೆಯಿಂದ ಎಷ್ಟೋ ಜನ ಕೂಲಿಯಿಲ್ಲದೆ ದುಡಿದರು. 2017ರಲ್ಲಿ ಗೂಗಲ್ ಆ ಸೇವೆಯನ್ನು ಮುಚ್ಚಿತು, ಸೇರಿಸಿದ್ದೆಲ್ಲ ಅದರ ನಕ್ಷೆಯಲ್ಲೇ ಉಳಿಯಿತು. ಅದೇ ಶ್ರಮವನ್ನು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಕೊಟ್ಟವರ ನಕ್ಷೆ ಇವತ್ತಿಗೂ ಯಾರು ಬೇಕಾದರೂ ಇಳಿಸಿಕೊಳ್ಳುವ ಸಾರ್ವಜನಿಕ ಸ್ವತ್ತು.

ಈ ವ್ಯತ್ಯಾಸ ಈಗ ನಮ್ಮ ಬಾಗಿಲಿಗೇ ಬಂದಿದೆ. ಕೃತಕ ಬುದ್ಧಿಮತ್ತೆಗೆ ಕನ್ನಡ ಕಲಿಸಲು ಕನ್ನಡಿಗರ ದನಿ ಬೇಕು. ಪುಸ್ತಕದ ಕನ್ನಡ ಸಾಲದು; ಕಲಬುರಗಿಯ ಮಾತು, ಕುಂದಾಪುರದ್ದು, ಚಾಮರಾಜನಗರದ್ದು ಎಲ್ಲವೂ ಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಗೂಗಲ್ ಜೊತೆ ಸೇರಿ ನಡೆಸುತ್ತಿರುವ ‘ವಾಣಿ’ ಯೋಜನೆ ದೇಶದ ಜಿಲ್ಲೆ ಜಿಲ್ಲೆಯಲ್ಲಿ ಜನರಿಗೆ ಚಿತ್ರ ತೋರಿಸಿ, ಅವರು ತಮ್ಮದೇ ಮಾತಿನಲ್ಲಿ ಹೇಳಿದ್ದನ್ನು ಸಂಗ್ರಹಿಸಿ ಎಲ್ಲರ ಬಳಕೆಗೆ ತೆರೆದಿಡುತ್ತಿದೆ. ಬೆಂಗಳೂರಿನದೇ ‘ಕಾರ್ಯ’ ಎಂಬ ಸಂಸ್ಥೆ ಕರ್ನಾಟಕದ ಹಳ್ಳಿಗಳಲ್ಲಿ ಕನ್ನಡ ವಾಕ್ಯಗಳನ್ನು ಓದಿಸಿ ಧ್ವನಿಮುದ್ರಿಸಿತು. ಗಂಟೆಗೆ ಸುಮಾರು ಐದು ಡಾಲರ್ ಕೂಲಿ ಕೊಟ್ಟಿತು. ಆ ದತ್ತಾಂಶ ಮತ್ತೆ ಮಾರಾಟವಾದರೆ ದನಿ ಕೊಟ್ಟವರಿಗೂ ಪಾಲು ಎಂಬ ಷರತ್ತು ಇಟ್ಟುಕೊಂಡಿತು. ಕೆಲಸ ಸಣ್ಣದಿರಬಹುದು. ಆದರೆ ಕೊಟ್ಟವರಿಗೆ ಏನಾದರೂ ಮರಳಬೇಕು ಎಂದು ಒಪ್ಪಿ ಅದನ್ನು ಕಾಗದದ ಮೇಲೆ ಬರೆದದ್ದು ದೊಡ್ಡ ಹೆಜ್ಜೆ ಎಂದೇ ನಾನು ತಿಳಿಯುತ್ತೇನೆ.

ಉಳಿದ ಕಂಪನಿಗಳು ನಮ್ಮ ಫೋನಿನೊಳಗೆ ಕೂತು ಕಲಿಯುತ್ತಿರುವುದಕ್ಕೆ ಇಂಥ ಕಾಗದ ಎಲ್ಲಿದೆ? ಧ್ವನಿಯಲ್ಲಿ ಹುಡುಕಿದ್ದು, ಅನುವಾದ ತಪ್ಪಿದಾಗ ನಾವು ತಿದ್ದಿದ್ದು, ಕೀಬೋರ್ಡ್ ಕೊಟ್ಟ ಪದವನ್ನು ಬಿಟ್ಟು ಬೇರೆ ಪದ ಆಯ್ದದ್ದು ಎಲ್ಲವೂ ಪಾಠವೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳುವಾಗ ಉದ್ದೇಶ ತಿಳಿಸಬೇಕು ಎನ್ನುತ್ತದೆ. ಸಂವಿಧಾನದ ಎಂಟನೇ ಪರಿಚ್ಛೇದದ 22 ಭಾಷೆಗಳಲ್ಲಿ ಬೇಕಾದುದರಲ್ಲಿ ಅದನ್ನು ಓದುವ ಅವಕಾಶ ಇರಬೇಕು ಎಂದೂ ಹೇಳುತ್ತದೆ. ಅಂದರೆ ಕನ್ನಡದಲ್ಲಿ, ಹೂ ಕಟ್ಟುವ ಹೆಂಗಸಿಗೂ ಅರ್ಥವಾಗುವ ಕನ್ನಡದಲ್ಲಿ. ಜಾಹೀರಾತನ್ನು ಅಚ್ಚಗನ್ನಡದಲ್ಲಿ ಬರೆಯಬಲ್ಲ ಕಂಪನಿಗೆ ಒಪ್ಪಿಗೆಯ ಪತ್ರವನ್ನು ಹಾಗೆ ಬರೆಯಲು ಆಗದು ಎಂದರೆ ಒಪ್ಪುವುದು ಹೇಗೆ?

ಕರ್ನಾಟಕ ಸರ್ಕಾರ ಈ ವಿಷಯದಲ್ಲಿ ಸುಮ್ಮನೆ ಕೂರಬೇಕಿಲ್ಲ. ಸಹಾಯವಾಣಿಗಳಿಗೆ, ಇಲಾಖೆಯ ಆ್ಯಪ್‌ಗಳಿಗೆ ಕನ್ನಡ ಮಾತಾಡುವ ತಂತ್ರಾಂಶ ಕೊಳ್ಳುವಾಗ ಟೆಂಡರಿನಲ್ಲೇ ಎರಡು ಷರತ್ತು ಬರೆಯಬಹುದು. ಜನರ ಮಾತಿನಿಂದ ಕಂಪನಿ ಕಲಿತದ್ದನ್ನು, ಮಾತಾಡಿದವರ ಗುರುತು ತೆಗೆದು, ಕನ್ನಡದ ಮುಕ್ತ ಭಂಡಾರಕ್ಕೂ ಸೇರಿಸಬೇಕು. ತಂತ್ರಾಂಶ ತಯಾರಿಸುವವರು ಅದನ್ನು ಒಪ್ಪಿಸುವ ಮೊದಲು ನಾಡಕಚೇರಿಯ ಕೌಂಟರಿನ ಹೊರಗೆ, ಅರ್ಜಿ ಹಿಡಿದು ನಿಂತವರ ಪಕ್ಕದಲ್ಲಿ, ಕನಿಷ್ಠ ಒಂದು ವಾರ ನಿಂತು ನೋಡಿರಬೇಕು.