‘ಎಷ್ಟ ಕೊಟ್ಟಿ?’ ಎಂದು ಕೇಳುವ ನಮ್ಮೂರಿಗೆ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು, ಬೆಳಗಾವಿ
ಹಾಗೂ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಹಿರಿಯರಿಗೆ

ಮಾನ್ಯರೇ,

ಕಳೆದ ತಿಂಗಳು ನಮ್ಮ ಓಣಿಯ ಹುಡುಗನೊಬ್ಬನಿಗೆ ಸರ್ಕಾರಿ ನೌಕರಿ ಬಂತು. ಧಾರವಾಡದ ಸಪ್ತಾಪುರದಲ್ಲಿ ನಾಲ್ವರು ಸೇರಿ ಹಿಡಿದ ಕೋಣೆಯಲ್ಲಿ ಐದು ವರ್ಷ ಓದಿದವನು. ಪೇಢೆ ಹಂಚಲು ಬಂದಾಗ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು ಪೇಢೆ ಬಾಯಿಗೆ ಹಾಕಿಕೊಳ್ಳುತ್ತಲೇ ಕೇಳಿದರು: “ಎಷ್ಟ ಕೊಟ್ಟಿ?”

ಹುಡುಗ ಮಾತಾಡಲಿಲ್ಲ. ಮನೆಗೆ ಹೋಗಿ ಒಂದು ಪ್ಲಾಸ್ಟಿಕ್ ಚೀಲ ತಂದ. ಅದರಲ್ಲಿ ರಬ್ಬರ್ ಹಾಕಿ ಕಟ್ಟಿದ ಹನ್ನೊಂದು ಹಾಲ್ ಟಿಕೆಟ್. ಮೊದಲಿನವುಗಳ ಮೇಲಿನ ಅವನ ಫೋಟೊ ಮಸುಕಾಗಿತ್ತು. “ಇಷ್ಟ ಕೊಟ್ಟೀನ್ರಿ ಕಾಕಾ” ಎಂದ. ಅವನ ದನಿ ನಡುಗುತ್ತಿತ್ತು.

ಕಾಕಾ ಕೆಟ್ಟವರಲ್ಲ. ಸಂತೆಯಲ್ಲಿ ಎತ್ತಿನ ದರ ಕೇಳಿದಷ್ಟೇ ಸಹಜವಾಗಿ ಕೇಳಿದರು. ಆ ಸಹಜತೆಯೇ ನನ್ನ ದೂರು.

ಆ ಪ್ರಶ್ನೆ ಸಹಜವಾದದ್ದಕ್ಕೆ ಕಾರಣವೂ ಇದೆ. 2022ರ ಆಗಸ್ಟ್ 7ರಂದು ವಿದ್ಯುತ್ ಪ್ರಸರಣ ನಿಗಮದ (ಕೆಪಿಟಿಸಿಎಲ್) ಕಿರಿಯ ಸಹಾಯಕರ ಪರೀಕ್ಷೆ ನಡೆದಾಗ ರಾಜ್ಯವೆಲ್ಲ ನಮ್ಮ ಗೋಕಾಕದ ಹೆಸರು ಕೇಳಿತು. ಇಲ್ಲಿನ ಕೇಂದ್ರವೊಂದರಲ್ಲಿ ಅಭ್ಯರ್ಥಿಯೊಬ್ಬ ಸ್ಮಾರ್ಟ್ ವಾಚ್ ಬಳಸಿದ್ದು ಹೊರಬಿತ್ತು. ಪೊಲೀಸರು ಎಳೆ ಹಿಡಿದು ಹೋದಂತೆ ಜಾಲ ಗದಗದವರೆಗೂ ಚಾಚಿಕೊಂಡಿತ್ತು. ಬ್ಲೂಟೂತ್ ಉಪಕರಣಗಳು ಸಿಕ್ಕವು. ಬಂಧಿತರಲ್ಲಿ ಗೋಕಾಕ, ಹುಕ್ಕೇರಿ ತಾಲೂಕಿನ ಯುವಕರೂ ಇದ್ದರು. ಅದಕ್ಕೂ ಮೊದಲು, 2021ರ ಅಕ್ಟೋಬರ್‌ನಲ್ಲಿ ನಡೆದ 545 ಪೊಲೀಸ್ ಸಬ್ ಇನ್‌ಸ್ಪೆಕ್ಟರ್ (ಪಿಎಸ್‌ಐ) ಹುದ್ದೆಗಳ ಪರೀಕ್ಷೆಯ ಹಗರಣದಲ್ಲಿ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯನ್ನೇ ಸಿಐಡಿ ಬಂಧಿಸಬೇಕಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ಎರಡು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಹೋಯಿತು.

ತಪ್ಪು ಮಾಡಿದವರಿಗೆ ಶಿಕ್ಷೆಯಾಗಲಿ. ಆದರೆ ಗೋಕಾಕದಲ್ಲಿ ಸಿಕ್ಕಿಬಿದ್ದ ಹುಡುಗರು ಆಕಾಶದಿಂದ ಉದುರಿದವರಲ್ಲ, ನಮ್ಮ ಮನೆಗಳಲ್ಲೇ ಬೆಳೆದವರು. ಎಂಟು ಎಕರೆ ಕಬ್ಬು ಬೆಳೆಯುವವನಿಗೆ ಇಂದು ಕನ್ಯಾ ಸಿಗುವುದಿಲ್ಲ, ಸಣ್ಣ ಪಗಾರದ ಸರ್ಕಾರಿ ನೌಕರಿ ಇದ್ದವನಿಗೆ ಸಂಬಂಧಗಳು ಸಾಲುಗಟ್ಟಿ ಬರುತ್ತವೆ. ಹೊಲ ಒತ್ತಿ ಹಾಕಿ ದಲ್ಲಾಳಿಗೆ ದುಡ್ಡು ಕೊಟ್ಟ ಅಪ್ಪನನ್ನು “ಮಗನ ಸಲುವಾಗಿ ಏನ್ ಮಾಡ್ಯಾನ ನೋಡ್ರಿ” ಎಂದು ಹೊಗಳುತ್ತೇವೆ. ಜಾತ್ರೆಯ ವೇದಿಕೆಯಲ್ಲಿ ದುಡ್ಡಿದ್ದವನಿಗೆ ಶಾಲು ಹೊದಿಸಿ ರುಮಾಲು ಸುತ್ತುವಾಗ ಅವನ ದುಡ್ಡು ಎಲ್ಲಿಂದ ಬಂತೆಂದು ಯಾರೂ ಕೇಳುವುದಿಲ್ಲ.

ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ 1938ರಲ್ಲೇ ಇದನ್ನು ಬರೆದಿದ್ದರು: ಗೆಲುವನ್ನು ಎಲ್ಲರ ಕಣ್ಣಮುಂದೆ ತೂಗುಹಾಕಿ, ಅಲ್ಲಿಗೆ ಹೋಗುವ ದಾರಿಯನ್ನು ಕೆಲವರಿಗಷ್ಟೇ ತೆರೆದಿಟ್ಟರೆ, ಉಳಿದವರಲ್ಲಿ ಕೆಲವರು ಅಡ್ಡದಾರಿ ಹುಡುಕುತ್ತಾರೆ. ನಮ್ಮಲ್ಲಿ ಆ ದಾರಿ ಎಷ್ಟು ಕಿರಿದಾಗಿದೆ ನೋಡಿ. ನನ್ನ ತಂದೆಯ ಕಾಲಕ್ಕೆ ನಮ್ಮ ಗೋಕಾಕ ಫಾಲ್ಸ್‌ಗೆ ಹತ್ತಿ ಗಿರಣಿಯೇ ಆಧಾರವಾಗಿತ್ತು. 1885ರಷ್ಟು ಹಿಂದೆಯೇ ಘಟಪ್ರಭೆಯ ನೀರನ್ನು ನಂಬಿ ಶುರುವಾದ ಕಂಪನಿ. ಭೋಂಗಾ ಆದರೆ ಓಣಿಗೆ ಓಣಿಯೇ ಪಾಳಿಗೆ ಹೊರಡುತ್ತಿತ್ತು. ಪಾಳಿ ಮುಗಿಸಿ ಮೈಗೆ ಹತ್ತಿ ಮೆತ್ತಿಕೊಂಡು ಬರುವವರಿಗೂ ಊರಲ್ಲಿ ಮಾನವಿತ್ತು. ಈಗ ಮಾನವೆಲ್ಲ ಒಂದು ಆದೇಶ ಪತ್ರದೊಳಗೆ ಹೋಗಿ ಕುಳಿತಿದೆ.

2023ರ ಡಿಸೆಂಬರ್‌ನಲ್ಲಿ ನಮ್ಮ ಬೆಳಗಾವಿಯ ಅಧಿವೇಶನದಲ್ಲೇ ಪರೀಕ್ಷಾ ಅಕ್ರಮ ತಡೆ ಮಸೂದೆ ಅಂಗೀಕಾರವಾಯಿತು. 10 ಕೋಟಿ ರೂಪಾಯಿವರೆಗೆ ದಂಡವಿದೆ, ಒಳ್ಳೆಯದು. ಆದರೆ ಕಾಯ್ದೆ ಒಬ್ಬ ಕಳ್ಳನನ್ನು ಹಿಡಿಯಬಹುದು, ಕಾಕಾನ ಪ್ರಶ್ನೆಗೆ ಉತ್ತರ ಕೊಡಲಾರದು.

ಜಿಲ್ಲಾಧಿಕಾರಿಗಳೇ, ಗೋಕಾಕದ ಪ್ರಕರಣ ಎಲ್ಲಿಗೆ ಬಂತು ಎಂಬುದನ್ನು ಆರು ತಿಂಗಳಿಗೊಮ್ಮೆಯಾದರೂ ಜನರಿಗೆ ತಿಳಿಸುವ ವ್ಯವಸ್ಥೆ ಮಾಡಿ. ಪರೀಕ್ಷೆಗಳನ್ನು ಹೇಳಿದ ದಿನಕ್ಕೆ ನಡೆಸುವಂತೆ ಸರ್ಕಾರಕ್ಕೆ ಬರೆಯಿರಿ. ತಡವಾದಷ್ಟೂ ದಲ್ಲಾಳಿಯ ವ್ಯಾಪಾರ ಬೆಳೆಯುತ್ತದೆ. ಹಿರಿಯರಲ್ಲಿ ಕೈಮುಗಿದು ಕೇಳುವುದಿಷ್ಟೇ: ಪೇಢೆ ಕೊಡಲು ಬಂದ ಹುಡುಗನಿಗೆ ಆ ಪ್ರಶ್ನೆ ಕೇಳಬೇಡಿ.

ಸಪ್ತಾಪುರದ ಆ ಕೋಣೆಯಲ್ಲಿ ಉಳಿದ ಮೂವರು ಇನ್ನೂ ಓದುತ್ತಿದ್ದಾರೆ. ಅವರಲ್ಲಿ ಒಬ್ಬನ ವಯೋಮಿತಿ ಈ ವರ್ಷಕ್ಕೆ ಮುಗಿಯುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಗೋಕಾಕ ಫಾಲ್ಸ್