ಅಮ್ಮನ ಕಾಲಿಗೆ ಇಂಗ್ಲಿಷ್ ಕಟ್ಟು!



ನಿನ್ನ ಅಮ್ಮನ ಪಾದವನ್ನು ಎಂದಾದರೂ ನೋಡಿದ್ದೀಯಾ? ಹಬ್ಬದ ದಿನ ಮುಟ್ಟಿ ನಮಸ್ಕಾರ ಮಾಡಿರುತ್ತೀಯ, ನೋಡಿರುವುದಿಲ್ಲ. ಇವತ್ತು ನೋಡು. ಹೆಬ್ಬೆರಳು ನೆಟ್ಟಗಿದೆಯೋ, ಪಕ್ಕದ ಬೆರಳಿನ ಮೇಲೆ ವಾಲಿದೆಯೋ? ಅದರ ಬುಡದಲ್ಲಿ, ಪಾದದ ಒಳಮಗ್ಗುಲಿಗೆ, ಗೋಲಿಯಂತೆ ಮೂಳೆ ಉಬ್ಬಿ, ಚಪ್ಪಲಿಗೆ ಉಜ್ಜಿ ಕೆಂಪಾಗಿದೆಯೋ? ಅದಕ್ಕೆ ಡಾಕ್ಟರು 'ಬನಿಯನ್' ಎನ್ನುತ್ತಾರೆ. ಅಪ್ಪ ಅಂಗಿಯೊಳಗೆ ಹಾಕಿಕೊಳ್ಳುವ ಬನಿಯನ್ ಅಲ್ಲ! ಕಾಲಾಣಿಯೂ ಅಲ್ಲ. ಆಣಿ ಚರ್ಮ ಗಟ್ಟಿಯಾಗಿ ಆಗುವುದು. ಇದು ಮೂಳೆಯೇ ಜಾಗ ಬಿಟ್ಟು ಜರುಗಿದ್ದು. ಹೆಂಗಸರಲ್ಲೇ ಹೆಚ್ಚು. ಅಜ್ಜಿಗಿದ್ದರೆ ಅಮ್ಮನಿಗೂ ಬರಬಹುದು, ಮೂತಿ ಚೂಪಾದ ಪಾದರಕ್ಷೆ ಅದನ್ನು ಇನ್ನಷ್ಟು ಕೆಡಿಸುತ್ತದೆ.

ನೋವು ತಡೆಯಲಾರದೆ ಹೋದಾಗ ಆಪರೇಷನ್ ಮಾಡುತ್ತಾರೆ. ಹೆಬ್ಬೆರಳಿನ ಹಿಂದಿನ ಉದ್ದ ಮೂಳೆಯನ್ನು ಕತ್ತರಿಸಿ, ಸರಿಸಿ, ಸ್ಕ್ರೂ ಹಾಕಿ ನಿಲ್ಲಿಸುತ್ತಾರೆ. ಹೆಚ್ಚುಕಡಿಮೆ ಒಂದು ಗಂಟೆಯ ಕೆಲಸ. ನಮ್ಮ ಸರ್ಜನ್ನರ ಕೈಯಲ್ಲಿ ಕಸುಬಿದೆ, ಅದರ ಬಗ್ಗೆ ತಕರಾರಿಲ್ಲ. ತಕರಾರಿರುವುದು ಆಮೇಲೆ ಕೊಡುವ ಕಾಗದದ ಬಗ್ಗೆ!

ಯಾಕೆಂದರೆ ಈ ಆಪರೇಷನ್ನಿನಲ್ಲಿ ಸರ್ಜನ್ ಮಾಡುವುದು ಒಂದು ಗಂಟೆಯ ಕೆಲಸ, ಉಳಿದದ್ದನ್ನು ಅಮ್ಮ ಮಾಡಬೇಕು. ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು. ಊತ ಪೂರ್ತಿ ಇಳಿಯಲು ತಿಂಗಳುಗಳೇ ಹಿಡಿಯುತ್ತವೆ, ಕೆಲವರಿಗೆ ವರ್ಷವೂ ಆಗುತ್ತದೆ. ಆ ದಿನಗಳಲ್ಲಿ ಮನೆಯಲ್ಲಿ ಡಾಕ್ಟರಿಲ್ಲ, ನರ್ಸಿಲ್ಲ. ಇರುವುದು ಡಿಸ್ಚಾರ್ಜ್ ಕಾಗದ ಒಂದೇ. ಅದರಲ್ಲಿ ಏನಿದೆ? 'ಹೀಲ್ ವೆಯ್ಟ್ ಬೇರಿಂಗ್ ಆಸ್ ಟಾಲರೇಟೆಡ್.' 'ಸ್ಟ್ರಿಕ್ಟ್ ಲಿಂಬ್ ಎಲಿವೇಷನ್.' 'ಸೂಚರ್ ರಿಮೂವಲ್ ಆಫ್ಟರ್ ಟೂ ವೀಕ್ಸ್.' 'ರಿವ್ಯೂ ಎಸ್.ಓ.ಎಸ್.' ನಿನ್ನ ಅಮ್ಮ ಏಳನೇ ಕ್ಲಾಸಿನವರೆಗೆ ಓದಿದವರು. ವಾರಪತ್ರಿಕೆಯ ಧಾರಾವಾಹಿ ಒಂದು ಕಂತು ಬಿಡದೆ ಓದಿದವರು. ಅಂಥವರನ್ನು ಆಸ್ಪತ್ರೆಯ ಬಾಗಿಲಲ್ಲಿ ಹೆಬ್ಬೆಟ್ಟು ಮಾಡಿಬಿಟ್ಟರಲ್ಲ! ಕಾಲಿನ ಹೆಬ್ಬೆಟ್ಟನ್ನು ನೆಟ್ಟಗೆ ಮಾಡಿ, ಮನುಷ್ಯಳನ್ನೇ ಹೆಬ್ಬೆಟ್ಟು ಮಾಡಿ ಕಳಿಸಿದರಲ್ಲ!

"ನಾನು ಓದಿ ಹೇಳ್ತೀನಿ ಬಿಡಿ" ಅನ್ನುತ್ತೀಯ. ಬೆಳಗ್ಗೆ ಎಂಟಕ್ಕೆ ಆಫೀಸಿಗೆ ಹೋಗಿ ರಾತ್ರಿ ಎಂಟಕ್ಕೆ ಬರುವ ನೀನು ಯಾವಾಗ ಹೇಳುತ್ತೀಯ? ಹೇಳಿದರೂ ಏನು ಹೇಳುತ್ತೀಯ? 'ಆಸ್ ಟಾಲರೇಟೆಡ್' ಅಂದರೆ "ಎಷ್ಟು ತಡ್ಕೊಳ್ಳೋಕೆ ಆಗುತ್ತೋ ಅಷ್ಟು" ಅಂದುಬಿಡುತ್ತೀಯ. ಅಯ್ಯಾ, ಅಮ್ಮಂದಿರಿಗೆ ಹೇಳುವ ಮಾತೇ ಇದು? ಅವರು ತಡೆದುಕೊಳ್ಳದೆ ಇರುವುದು ಯಾವುದಿದೆ? ನಾಲ್ಕನೇ ದಿನ ಎದ್ದು ಸಾರಿಗೆ ಒಗ್ಗರಣೆ ಹಾಕಿ, ಬಾಗಿಲಿಗೆ ನೀರು ಚೆಲ್ಲಿ, ಕುಕ್ಕುರುಗಾಲಲ್ಲಿ ಕೂತು ರಂಗೋಲಿ ಇಡುತ್ತಾರೆ. ಕುಕ್ಕುರುಗಾಲಲ್ಲಿ ಭಾರ ಪೂರಾ ಬೀಳುವುದು ಪಾದದ ಮುಂಭಾಗದ ಮೇಲೆ, ಅಂದರೆ ಕೊಯ್ದ ಮೂಳೆಯ ಮೇಲೆ. ಸ್ಕ್ರೂ ಸಡಿಲಾಗಬಹುದು, ಕೂರಿಸಿದ ಮೂಳೆ ಮತ್ತೆ ಜರುಗಬಹುದು.

ಇನ್ನು ಕೆಲವು ಅಮ್ಮಂದಿರಿದ್ದಾರೆ, ಹೆದರಿ ಮಂಚ ಬಿಟ್ಟು ಇಳಿಯುವುದೇ ಇಲ್ಲ. ಅದೂ ಅಪಾಯವೇ. ಕಾಲು ಆಡಿಸದಿದ್ದರೆ ಮೀನಖಂಡದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯ ಹೆಚ್ಚು. ಆ ಹೆಪ್ಪು ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ನಡೆಯುವುದು ಎಷ್ಟು, ಕೂರುವುದು ಎಷ್ಟು ಎಂಬ ಈ ಲೆಕ್ಕವೇ ಚಿಕಿತ್ಸೆ. ಆ ಲೆಕ್ಕವನ್ನೇ ಅಮ್ಮನಿಗೆ ತಿಳಿಯದ ಭಾಷೆಯಲ್ಲಿ ಬರೆದು ಕೈಗಿಟ್ಟರೆ ಅದಕ್ಕೆ ಚಿಕಿತ್ಸೆ ಎನ್ನಬೇಕೋ, ಉಡಾಫೆ ಎನ್ನಬೇಕೋ?

2024ರಲ್ಲಿ ಅಂಗಡಿ ಮುಂಗಟ್ಟುಗಳ ಬೋರ್ಡಿನಲ್ಲಿ ಶೇಕಡಾ 60 ಕನ್ನಡ ಇರಬೇಕೆಂದು ಕಾಯ್ದೆಗೆ ತಿದ್ದುಪಡಿ ಬಂತು. ಒಳ್ಳೆಯದಾಯಿತು. ಆಸ್ಪತ್ರೆಯ ಹೆಸರನ್ನು ಕನ್ನಡದಲ್ಲಿ ದಪ್ಪಗೆ ಬರೆಸಿದರು. ಒಳಗಿನ ಕಾಗದ? ಅದೇ ವರ್ಷ ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಅಧ್ಯಕ್ಷ ಪುರುಷೋತ್ತಮ ಬಿಳಿಮಲೆಯವರು, ಸರ್ಕಾರಿ ವೈದ್ಯರು ಔಷಧಿ ಚೀಟಿಯನ್ನು ಕನ್ನಡದಲ್ಲಿ ಬರೆಯಲಿ ಎಂದು ಆರೋಗ್ಯ ಸಚಿವರಿಗೆ ಪತ್ರ ಬರೆದರು. ಆಶಯ ದೊಡ್ಡದು. ಆದರೆ ನನ್ನನ್ನು ಕೇಳಿದರೆ ಮೊದಲ ಪೆಟ್ಟು ಬೀಳಬೇಕಾದದ್ದು ಅಲ್ಲಲ್ಲ. ಮಾತ್ರೆಯ ಹೆಸರನ್ನು ಓದುವವನು ಮೆಡಿಕಲ್ ಸ್ಟೋರಿನವನು. ಯಾವಾಗ ನುಂಗಬೇಕು ಎಂಬುದಕ್ಕೆ 1-0-1 ಎಂದು ಬರೆಯುತ್ತಾರೆ, ಅಜ್ಜಿಗೂ ಅರ್ಥವಾಗುತ್ತದೆ. ಅಮ್ಮನೇ ಓದಬೇಕಾದದ್ದು ಡಿಸ್ಚಾರ್ಜ್ ಕಾಗದ. ಅದನ್ನು ಕೇಳುವವರೇ ಇಲ್ಲ!

ಕೇಳುವ ಹಕ್ಕು ನಿನಗಿದೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ರೂಪಿಸಿದ ರೋಗಿಗಳ ಹಕ್ಕುಗಳ ಸನ್ನದು, ರೋಗಿಗೆ ಗೊತ್ತಿರುವ ಭಾಷೆಯಲ್ಲಿ, ಅರ್ಥವಾಗುವ ಹಾಗೆ ವಿವರಿಸಬೇಕು ಎನ್ನುತ್ತದೆ. ಅದನ್ನು ಫ್ರೇಮು ಹಾಕಿ ಗೋಡೆಗೆ ತೂಗಿದರೆ ಸಾಕೇ?

"ಮೆಡಿಕಲ್ ಪದಗಳು ಕನ್ನಡದಲ್ಲಿ ಎಲ್ಲಿವೆ?" ಎಂದು ಮೂಗು ಮುರಿಯುವ ಮಹಾಶಯರು ಇದ್ದೇ ಇರುತ್ತಾರೆ. ಡಾ. ಅನುಪಮಾ ನಿರಂಜನ ಅವರು ಬಸಿರು ಬಾಣಂತನವನ್ನೆಲ್ಲ ಕನ್ನಡದಲ್ಲಿ ಬರೆದು ಮನೆಮನೆಗೆ ಮುಟ್ಟಿಸಲಿಲ್ಲವೇ? ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳನ್ನೇ ಕನ್ನಡದಲ್ಲಿ ಬಿಡಿಸಿ ಹೇಳಲಿಲ್ಲವೇ? ಹೆಬ್ಬೆರಳು ಅದಕ್ಕಿಂತ ಕಷ್ಟವೇ ಸ್ವಾಮಿ? 'ಪಾದಾಂಗುಷ್ಠ ವಕ್ರತಾ ನಿವಾರಣೋತ್ತರ ಪರಿಚರ್ಯೆ' ಎಂದು ಬರೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಅದು ಇಂಗ್ಲಿಷಿಗಿಂತ ಕಡೆ. ಸ್ಕ್ರೂ ಸ್ಕ್ರೂ ಆಗಿರಲಿ, ಎಕ್ಸ್‌ರೇ ಎಕ್ಸ್‌ರೇ ಆಗಿರಲಿ. ಹೀಗೆ ಬರೆಯಿರಿ:

"ಅಮ್ಮಾ, ಮೊದಲ ಎರಡು ವಾರ ಹೆಚ್ಚು ಹೊತ್ತು ಕಾಲನ್ನು ದಿಂಬಿನ ಮೇಲೆ, ಎದೆಗಿಂತ ಎತ್ತರದಲ್ಲಿಡಿ. ಕಟ್ಟು ನೆನೆಯಬಾರದು, ಸ್ನಾನಕ್ಕೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಳ್ಳಿ. ನಾವು ಕೊಟ್ಟ ಗಟ್ಟಿ ಅಟ್ಟೆಯ ಶೂ ಇಲ್ಲದೆ ಒಂದು ಹೆಜ್ಜೆಯೂ ಬೇಡ, ಬಚ್ಚಲಿಗೂ ಬೇಡ. ಹಿಮ್ಮಡಿಯ ಮೇಲೆ ಭಾರ ಬಿಡಿ, ಬೆರಳಿನ ಮೇಲಲ್ಲ. ಕುಕ್ಕುರುಗಾಲಲ್ಲಿ ಕೂರಬೇಡಿ, ಪಾಶ್ಚಾತ್ಯ ಕಮೋಡ್ ಬಳಸಿ. ಊತ ಇಳಿಯುವವರೆಗೆ ಕಾಲುಂಗುರ ಬೇಡ. ಹೊಲಿಗೆ ಬಿಚ್ಚುವುದು ಸುಮಾರು ಎರಡು ವಾರಕ್ಕೆ. ಹೆಬ್ಬೆರಳನ್ನು ಯಾವಾಗಿನಿಂದ ಬಗ್ಗಿಸಬೇಕು ಎಂದು ಆಗ ತೋರಿಸುತ್ತೇವೆ. ನೋವಾದರೂ ಮಾಡಿ, ಬಿಟ್ಟರೆ ಕೀಲು ಬಿಗಿಯುತ್ತದೆ. ಉಂಗುಟದ ಚಪ್ಪಲಿ ಈಗಲೇ ಬೇಡ. ಸಕ್ಕರೆ ಕಾಯಿಲೆ ಇದ್ದರೆ ಹತೋಟಿಯಲ್ಲಿಡಿ, ಇಲ್ಲದಿದ್ದರೆ ಗಾಯ ಮಾಯುವುದು ತಡ. ಕೀವು, ಜ್ವರ, ಹೆಚ್ಚುತ್ತಲೇ ಹೋಗುವ ನೋವು ಬಂದರೆ ಅವತ್ತೇ ಬನ್ನಿ. ಮೀನಖಂಡ ಊದಿ ನೋಯುತ್ತಿದ್ದರೆ, ಉಸಿರು ಕಟ್ಟಿದರೆ ಒಂದು ನಿಮಿಷವೂ ಕಾಯಬೇಡಿ."

ಆಯಿತಲ್ಲ! ಒಂದು ಪುಟ. ಇದರಲ್ಲಿ ಯಾವ ಪದಕ್ಕೆ ನಿಘಂಟು ಬೇಕಾಯಿತು? ಆಪರೇಷನ್ನಿನ ಬಗೆ ಬೇರೆಯಾದರೆ ದಿನಗಳ ಲೆಕ್ಕವೂ ಬೇರೆಯಾಗುತ್ತದೆ. ಮೂಳೆಗಳ ಕೀಲನ್ನೇ ಬೆಸೆದಿದ್ದರೆ ಕೆಲವು ವಾರ ಕಾಲನ್ನು ನೆಲಕ್ಕೇ ಊರಬಾರದು ಎಂದೂ ಹೇಳಬಹುದು. ಅದಕ್ಕೇ ಜಾಗ ಬಿಟ್ಟು ಅಚ್ಚು ಹಾಕಿಸಲಿ, ಡಾಕ್ಟರು ದಿನ ತುಂಬಲಿ. ಡಾಕ್ಟರು ಹೊರ ರಾಜ್ಯದವರಾದರೂ ತುಂಬಬಹುದು. ಕೇರಳದಿಂದ ಬಂದ ಸಿಸ್ಟರ್ ಮೂರು ತಿಂಗಳಲ್ಲಿ "ನೋವಿದೆಯಾ ಅಮ್ಮಾ?" ಎಂದು ಕೇಳಲು ಕಲಿಯುತ್ತಾರೆ, ಆ ತಾಯಿಗೆ ಶರಣು. ಕಲಿಯದೆ ಕೂತಿರುವುದು ಆಡಳಿತ ಮಂಡಳಿಯ ಪ್ರಿಂಟರ್ ಮಾತ್ರ! ಇನ್ಶೂರೆನ್ಸ್ ಕಂಪನಿಗೆ ಇಂಗ್ಲಿಷ್ ಬೇಕಂತೆ. ಕೊಡಲಿ, ಬೇಡ ಎಂದವರಾರು? ಕೊಯ್ಯಿಸಿಕೊಂಡದ್ದು ಕಂಪನಿಯ ಕಾಲೇ?

ಈಗ ನಿನ್ನ ಸರದಿ. ಡಿಸ್ಚಾರ್ಜ್ ದಿನ ಬಿಲ್ ಕಟ್ಟಿ ಆಟೋ ಹಿಡಿಯುವ ಆತುರ ಬೇಡ. ಕಾಗದವನ್ನು ಅಮ್ಮನ ಕೈಗೆ ಕೊಡು, ನೀನು ತೆಗೆದುಕೊಳ್ಳಬೇಡ. ಅವರಿಗೆ ಓದಲು ಬಾರದಿದ್ದರೆ ವಾಪಸ್ ಕೌಂಟರಿನ ಮೇಲಿಡು. "ಇವರು ಓದೋ ಹಾಗೆ ಬರೆದುಕೊಡಿ" ಎಂದು ನಿಲ್ಲು. ಕೂಗಾಡಬೇಡ, ಗಾಜು ಒಡೆಯಬೇಡ, ನರ್ಸಮ್ಮನ ಮೇಲೆ ರೇಗಬೇಡ. ಸುಮ್ಮನೆ ನಿಲ್ಲು. ಹಿಂದಿನವರು ಗೊಣಗಲಿ. ಅವರಲ್ಲೂ ಅರ್ಧ ಜನಕ್ಕೆ ತಮ್ಮ ಕಾಗದ ಓದಲು ಬರುವುದಿಲ್ಲ, ಒಬ್ಬೊಬ್ಬರಾಗಿ ನಿನ್ನ ಪಕ್ಕಕ್ಕೆ ಬರುತ್ತಾರೆ. ಆರನೇ ವಾರ ಎಕ್ಸ್‌ರೇ ತೆಗೆದು, ಮೂಳೆ ಕೂಡಿದ್ದರೆ ಶೂ ಬಿಡಿಸಿ, ಮಾಮೂಲಿ ನಡಿಗೆ ಶುರು ಮಾಡಿಸುತ್ತಾರೆ. ಎಷ್ಟು ದೂರ, ಯಾವ ಚಪ್ಪಲಿ, ಬಸ್ ಹತ್ತಬಹುದೋ ಬೇಡವೋ ಎಂದು ಅವತ್ತು ಇನ್ನೊಂದು ಚೀಟಿ ಕೊಡುತ್ತಾರೆ. ಅವತ್ತೂ ಹಾಗೆಯೇ ನಿಲ್ಲು.